ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್: ಒಂದೇ ದಿನದ ಲಾಟರಿಯಲ್ಲಿ ಹೋದ ಮಣ್ಣು, ನೂರು ವರ್ಷ ಕಾದ ಒಕ್ಕಲು

ಆಲೂರಿನವಳು

ಎಲ್ಲರಿಗೂ ನಮಸ್ಕಾರ. ನಾನಿರುವ ಊರಿನ ಬಗ್ಗೆ ಬರೆಯಿರಿ ಎಂದು ಇಲ್ಲಿ ಇಬ್ಬರು ಮೂವರು ಕೇಳಿದ್ದರು. ಕೆನಡಾ ಎಂದರೆ ನಮ್ಮವರಿಗೆ ಟೊರಾಂಟೊ, ವ್ಯಾಂಕೂವರ್ ನೆನಪಾಗುತ್ತದೆ. ನಾನು ಆರು ವರ್ಷದಿಂದ ಇರುವುದು ಆ ದೇಶದ ಪೂರ್ವದ ಕಡಲಲ್ಲಿರುವ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ನಲ್ಲಿ. ಹತ್ತು ಪ್ರಾಂತ್ಯಗಳಲ್ಲಿ ಇದೇ ಚಿಕ್ಕದು. ವಿಸ್ತಾರ 5,660 ಚದರ ಕಿಲೋಮೀಟರ್. ಕೊಡಗು ಜಿಲ್ಲೆಗಿಂತ ದೊಡ್ಡದು, ನಮ್ಮ ಹಾಸನ ಜಿಲ್ಲೆಗಿಂತ ಚಿಕ್ಕದು. 2021ರ ಜನಗಣತಿಯಲ್ಲಿ ಇದ್ದ ಜನ 1,54,331. ಇಷ್ಟು ಚಿಕ್ಕ ಜಾಗಕ್ಕೆ ಸ್ವಂತ ಶಾಸನಸಭೆ ಇದೆ, ಪ್ರೀಮಿಯರ್ ಎಂಬ ಮುಖ್ಯಮಂತ್ರಿ ಇದ್ದಾರೆ, ದೇಶದ ಸಂಸತ್ತಿನಲ್ಲಿ 4 ಸೀಟು ಖಾಯಂ.

ಬಂದ ಮೊದಲ ವರ್ಷ ಹಿಮ ಕರಗಿ ಹೊಲದ ಮಣ್ಣು ಕಂಡಾಗ ರಸ್ತೆ ಬದಿ ಕಾರು ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತಿದ್ದೆ. ಕೆಂಪು ಮಣ್ಣು! ಅಪ್ಪನ ಹೊಲದ್ದೇ ಬಣ್ಣ. ಕಬ್ಬಿಣದ ಅಂಶವಿರುವ ಮರಳುಗಲ್ಲು ಸವೆದು ಆದ ಮಣ್ಣಿದು. ಅದರಲ್ಲಿ ಬೆಳೆಯುವುದೂ ಆಲೂಗಡ್ಡೆಯೇ. ಆವತ್ತಿನಿಂದ ಈ ಮಣ್ಣು ಯಾರದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಕೇಳುತ್ತಾ, ಓದುತ್ತಾ ಇದ್ದೇನೆ. ಈ ದ್ವೀಪದ ಚರಿತ್ರೆ ಪೂರ್ತಿ ಆ ಒಂದು ಪ್ರಶ್ನೆಯ ಸುತ್ತಲೇ ಇದೆ ಎಂದು ಈಗ ಅನ್ನಿಸುತ್ತದೆ.

ಮೊದಲಿಂದ ಇದ್ದವರು ಮಿಕ್ಮಾಕ್ ಜನ. ಅವರು ಇದನ್ನು ಎಪೆಕ್ವಿಟ್ಕ್ ಎನ್ನುತ್ತಾರೆ. ನೀರಿನ ಮೇಲೆ ಮಲಗಿರುವುದು ಎಂಬಂಥ ಅರ್ಥ. ನಕ್ಷೆಯಲ್ಲಿ ನೋಡಿದರೆ ಹೌದು ಅನ್ನಿಸುತ್ತದೆ, ತೊಟ್ಟಿಲಿನ ಹಾಗೆ ಬಾಗಿದೆ. 1534ರಲ್ಲಿ ಜಾಕ್ ಕಾರ್ಟಿಯೆ ಬಂದ. 1720ರಲ್ಲಿ ಫ್ರೆಂಚರು ಪೋರ್ಟ್ ಲಾ ಜಾಯ್ ಎಂಬಲ್ಲಿ ನೆಲೆ ಮಾಡಿದರು. ಅಕೇಡಿಯನ್ನರು ಎಂಬ ಫ್ರೆಂಚ್ ರೈತರು ಬಂದು ಉತ್ತರು, ಬಿತ್ತಿದರು. 1758ರಲ್ಲಿ ಬ್ರಿಟಿಷರು ದ್ವೀಪ ಹಿಡಿದ ಕೂಡಲೇ ಅವರಲ್ಲಿ ಸುಮಾರು 3,000 ಜನರನ್ನು ಹಡಗು ಹತ್ತಿಸಿ ಓಡಿಸಿದರು. ಡ್ಯೂಕ್ ವಿಲಿಯಂ, ವೈಲೆಟ್ ಎಂಬ ಎರಡು ಹಡಗು ಡಿಸೆಂಬರ್ ಚಳಿಯಲ್ಲಿ ನಡುಗಡಲಲ್ಲೇ ಮುಳುಗಿದವು. ನೂರಾರು ಜನ ಸತ್ತರು. ಮಕ್ಕಳು ಮರಿ ಎಲ್ಲ ಅದರಲ್ಲೇ ಇದ್ದರು.

ಆಮೇಲೆ ಬಂದದ್ದೇ ಲಾಟರಿ. 1764–65ರಲ್ಲಿ ಸ್ಯಾಮುಯೆಲ್ ಹಾಲೆಂಡ್ ಎಂಬ ಸರ್ವೇಯರ್ ದ್ವೀಪವನ್ನು ಅಳೆದು 67 ಲಾಟ್ ಮಾಡಿದ. ಒಂದೊಂದು ಲಾಟ್ ಸುಮಾರು 20,000 ಎಕರೆ. 1767ರಲ್ಲಿ ಲಂಡನ್ನಿನಲ್ಲಿ ಕೂತು, ಒಂದೇ ದಿನದಲ್ಲಿ, ಹೆಚ್ಚುಕಡಿಮೆ ಇಡೀ ದ್ವೀಪವನ್ನು ಚೀಟಿ ಎತ್ತಿ ಹಂಚಿದರು. ಪಡೆದವರು ಸೇನೆಯ ಅಧಿಕಾರಿಗಳು, ವ್ಯಾಪಾರಿಗಳು, ದೊಡ್ಡವರ ಪರಿಚಯದವರು. ಷರತ್ತು ಎರಡಿತ್ತು. ಹತ್ತು ವರ್ಷದೊಳಗೆ 200 ಎಕರೆಗೆ ಒಬ್ಬರಂತೆ ಜನರನ್ನು ತಂದು ನೆಲೆ ಮಾಡಿಸಬೇಕು. ರಾಜನಿಗೆ ವರ್ಷ ವರ್ಷ ಕಂದಾಯ ಕಟ್ಟಬೇಕು. ಹೆಚ್ಚಿನವರು ಎರಡನ್ನೂ ಮಾಡಲಿಲ್ಲ. ದ್ವೀಪವನ್ನು ಕಣ್ಣಿಂದ ನೋಡಲೂ ಇಲ್ಲ. ಆದರೆ ಸ್ಕಾಟ್ಲೆಂಡ್, ಐರ್ಲೆಂಡ್‌ನಿಂದ ಬಡವರು ಬಂದು ಕಾಡು ಕಡಿದು ಹೊಲ ಮಾಡಿದಾಗ, ಗೇಣಿ ಕೇಳಲು ಏಜೆಂಟರು ಮಾತ್ರ ತಪ್ಪದೆ ಬಂದರು.

ಪ್ರಿನ್ಸ್ ಎಡ್ವರ್ಡ್ ಎಂಬ ಹೆಸರು ಬಂದದ್ದು 1799ರಲ್ಲಿ. ವಿಕ್ಟೋರಿಯಾ ರಾಣಿಯ ಅಪ್ಪನ ಹೆಸರದು.

ತೀರ್ಥಹಳ್ಳಿ ಮೇಷ್ಟ್ರು

ಅಮ್ಮಾ, ಓದಿ ಮೈ ಜುಂ ಅಂದಿತು. ನಮ್ಮ ಅಜ್ಜ ಗೇಣಿ ಒಕ್ಕಲು. ಅಡಿಕೆ, ಭತ್ತ ಎರಡಕ್ಕೂ ಗೇಣಿ ಅಳೆಯುತ್ತಿದ್ದರು. ಕಣದಲ್ಲೇ ಒಡೆಯರ ಪಾಲು ಹೋಗಿ ಉಳಿದದ್ದಷ್ಟೇ ಮನೆಗೆ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ಪಕ್ಕದ ಸಾಗರ ತಾಲೂಕಿನಲ್ಲಿ. ಕೊನೆಗೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಕಾನೂನು ಬಂದ ಮೇಲೆ ಅಪ್ಪ ಡಿಕ್ಲರೇಷನ್ ಕೊಟ್ಟು ಭೂ ನ್ಯಾಯ ಮಂಡಳಿಗೆ ಅಲೆದು ಜಮೀನು ಮಾಡಿಕೊಂಡರು.

ಅಲ್ಲಿನ ಒಕ್ಕಲುಗಳು ಏನು ಮಾಡಿದರು? ದಯವಿಟ್ಟು ವಿವರವಾಗಿ ಬರೆಯಿರಿ. ರಾಜರು, ಗವರ್ನರುಗಳ ಕತೆ ಎಲ್ಲ ಕಡೆ ಸಿಗುತ್ತದೆ. ಇದು ಸಿಗುವುದಿಲ್ಲ.

ಆಲೂರಿನವಳು

ಮೇಷ್ಟ್ರೇ, ನೀವು ಕೇಳಿದ್ದು ಬಹಳ ಸಂತೋಷ. ನನಗೂ ಇದೇ ಭಾಗ ಇಷ್ಟ.

1830ರ ದಶಕದಲ್ಲಿ ವಿಲಿಯಂ ಕೂಪರ್ ಎಂಬಾತ ಮುಂದೆ ಬಂದ. ಮೊದಲು ಅವನೇ ಒಬ್ಬ ಜಮೀನ್ದಾರನ ಏಜೆಂಟ್ ಆಗಿದ್ದ. ಕೆಲಸ ಹೋದ ಮೇಲೆ ಒಕ್ಕಲುಗಳ ಕಡೆ ನಿಂತ. ಅವನ ವಾದ ಸರಳ. ಒಡೆಯರು ಷರತ್ತು ಮುರಿದಿದ್ದಾರೆ, ಆದ್ದರಿಂದ ಜಮೀನು ಸರ್ಕಾರಕ್ಕೆ ವಾಪಸ್ ಹೋಗಬೇಕು, ಸರ್ಕಾರ ಅದನ್ನು ಉಳುವವರಿಗೆ ಕೊಡಬೇಕು. ಹೀಗೆ ವಾಪಸ್ ಪಡೆಯುವುದಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಎಸ್ಚೀಟ್ ಎನ್ನುತ್ತಾರೆ. ಆ ಪಕ್ಷಕ್ಕೂ ಅದೇ ಹೆಸರು. 1838ರ ಚುನಾವಣೆಯಲ್ಲಿ ಎಸ್ಚೀಟ್ ಪಕ್ಷ ದೊಡ್ಡ ಬಹುಮತದಿಂದ ಗೆದ್ದಿತು. ರೈತರೇ ಶಾಸನಸಭೆಯಲ್ಲಿ ಕೂತರು! ಕೂಪರ್ ಅಹವಾಲು ಹಿಡಿದು ಲಂಡನ್ನಿಗೆ ಹೋದ. ಅಲ್ಲಿನ ಮಂತ್ರಿ ಅವನನ್ನು ಭೇಟಿಯಾಗಲೂ ಒಪ್ಪಲಿಲ್ಲ. ಯಾಕೆಂದರೆ ಒಡೆಯರೆಲ್ಲ ಇದ್ದದ್ದು ಅದೇ ಲಂಡನ್ನಿನಲ್ಲಿ, ಮಂತ್ರಿಗಳ ಊಟದ ಮನೆಗಳಲ್ಲಿ.

1853ರಲ್ಲಿ ಇನ್ನೊಂದು ದಾರಿ ಹಿಡಿದರು. ಒಡೆಯ ಮಾರಲು ಒಪ್ಪಿದರೆ ಸರ್ಕಾರ ಕೊಂಡು ಒಕ್ಕಲಿಗೆ ಮಾರಬಹುದು ಎಂಬ ಕಾನೂನು. ಕೆಲವು ಎಸ್ಟೇಟ್ ಬಂತು. ಒಪ್ಪದವರನ್ನು ಏನೂ ಮಾಡಲಾಗಲಿಲ್ಲ. 1860ರಲ್ಲಿ ಒಂದು ಕಮಿಷನ್ ಕೂತಿತು, ಒಕ್ಕಲುಗಳ ಪರವಾಗಿ ವರದಿಯೂ ಬಂತು. ಲಂಡನ್ ಅದನ್ನು ಪಕ್ಕಕ್ಕಿಟ್ಟಿತು.

ಆಗ ಜನರ ತಾಳ್ಮೆ ಮುಗಿಯಿತು. 1864ರಲ್ಲಿ ಟೆನೆಂಟ್ ಲೀಗ್ ಹುಟ್ಟಿತು, ಗೇಣಿದಾರರ ಸಂಘ. ಸೇರಿದವರೆಲ್ಲ ಗೇಣಿ ಕೊಡುವುದಿಲ್ಲ ಎಂದು ಪ್ರತಿಜ್ಞೆ ಮಾಡುತ್ತಿದ್ದರು. ಬಾಕಿ ವಸೂಲಿಗೆ ಷರೀಫ್ ಬರುವುದು ಕಂಡರೆ ಮೊದಲ ಮನೆಯವರು ತಗಡಿನ ಕೊಂಬು ಊದಬೇಕು. ಅದನ್ನು ಕೇಳಿ ಮುಂದಿನ ಮನೆ, ಆಮೇಲೆ ಅದರ ಮುಂದಿನದು. ಷರೀಫ್ ತಲುಪುವ ಹೊತ್ತಿಗೆ ಊರೆಲ್ಲ ರಸ್ತೆಗೆ ಬಂದು ನಿಂತಿರುತ್ತಿತ್ತು. ಕೈಯಲ್ಲಿ ದೊಣ್ಣೆ, ಕವೆಗೋಲು. ಹೆಂಗಸರೂ ನಿಂತರು. 1865ರ ಮಾರ್ಚ್‌ನಲ್ಲಿ ರಾಜಧಾನಿ ಷಾರ್ಲೆಟ್‌ಟೌನ್‌ನಲ್ಲಿ ಮೆರವಣಿಗೆ ನಡೆದಾಗ ಸ್ಯಾಮುಯೆಲ್ ಫ್ಲೆಚರ್ ಎಂಬ ರೈತನನ್ನು ಹಿಡಿದರು. ಜನ ಅವನನ್ನು ಅಧಿಕಾರಿಗಳ ಕೈಯಿಂದ ಬಿಡಿಸಿಕೊಂಡು ಹೋದರು. ಆ ವರ್ಷ ಹ್ಯಾಲಿಫ್ಯಾಕ್ಸ್‌ನಿಂದ ಸೈನ್ಯ ಬಂತು. ಲೀಗ್ ಮುರಿಯಿತು. ಆದರೆ ಗೇಣಿ ಪದ್ಧತಿಯ ಬುಡ ಆಗಲೇ ಅಲ್ಲಾಡಿತ್ತು, ಇನ್ನು ಇದನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಒಡೆಯರಿಗೂ ಗೊತ್ತಾಯಿತು.

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುವುದು 1864ರ ಇನ್ನೊಂದು ಘಟನೆ. ಆ ಸೆಪ್ಟೆಂಬರ್‌ನಲ್ಲಿ ಷಾರ್ಲೆಟ್‌ಟೌನ್‌ನಲ್ಲಿ ಸಮ್ಮೇಳನ ಸೇರಿ ಕೆನಡಾ ಎಂಬ ದೇಶ ಮಾಡುವ ಮಾತು ಶುರುವಾಯಿತು. ಹಾಗಾಗಿ ಈ ದ್ವೀಪಕ್ಕೆ ಒಕ್ಕೂಟದ ತೊಟ್ಟಿಲು ಎಂಬ ಹೆಸರಿದೆ. ಅದೇ ವಾರ ಊರಿಗೆ ಸರ್ಕಸ್ ಬಂದಿತ್ತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ನಾಯಕರಿಗೆ ಉಳಿಯಲು ಸರಿಯಾಗಿ ರೂಮು ಸಿಗಲಿಲ್ಲ. ಈ ಸರ್ಕಸ್ ವಿಷಯ ಎಲ್ಲರಿಗೂ ಗೊತ್ತು. ಅದೇ ವರ್ಷ ಹಳ್ಳಿಗಳಲ್ಲಿ ಕೊಂಬು ಊದುತ್ತಿದ್ದವರ ವಿಷಯ ಅಷ್ಟು ಗೊತ್ತಿಲ್ಲ. ನನಗೆ ಅದು ಬೇಸರ.

ಗಡಿಯಾಚೆ

ತೊಟ್ಟಿಲು ಎನ್ನುತ್ತೀರಿ. ಆದರೆ 1867ರಲ್ಲಿ ಕೆನಡಾ ಆದಾಗ ಈ ದ್ವೀಪ ಸೇರಲೇ ಇಲ್ಲ ಅಲ್ವಾ? ಯಾಕೆ?

ಆಲೂರಿನವಳು

ಹೌದು, ಸೇರಲಿಲ್ಲ. ದೊಡ್ಡ ದೇಶದಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ ಎಂಬ ಭಯ ಇತ್ತು. ಜಮೀನು ಕೊಳ್ಳಲು ದುಡ್ಡು ಕೊಡುವ ಖಚಿತ ಮಾತೂ ಇರಲಿಲ್ಲ. ಮನಸ್ಸು ಬದಲಾದದ್ದು ರೈಲಿನಿಂದ. 1871ರಲ್ಲಿ ಸ್ವಂತ ರೈಲು ದಾರಿ ಹಾಕಲು ಹೊರಟರು. ಗುತ್ತಿಗೆದಾರರಿಗೆ ಮೈಲಿ ಲೆಕ್ಕದಲ್ಲಿ ದುಡ್ಡು. ಪ್ರತಿ ಊರಿನವರಿಗೂ ರೈಲು ತಮ್ಮ ಊರಿಗೆ ಬರಬೇಕು. ದಾರಿ ಹಾವಿನ ಹಾಗೆ ಸುತ್ತಿ ಸುತ್ತಿ ಹೋಯಿತು, ಸಾಲ ಬೆಟ್ಟದಷ್ಟಾಯಿತು.

1873ರ ಜುಲೈ 1ರಂದು ಕೆನಡಾ ಸೇರಿದರು. ಮೂರು ಮುಖ್ಯ ಷರತ್ತು ಹಾಕಿದರು. ರೈಲಿನ ಸಾಲ ಕೇಂದ್ರ ಹೊರಬೇಕು. ಒಡೆಯರಿಂದ ಜಮೀನು ಕೊಳ್ಳಲು 8 ಲಕ್ಷ ಡಾಲರ್ ಒದಗಿಸಬೇಕು. ವರ್ಷವಿಡೀ ಮುಖ್ಯನಾಡಿಗೆ ಹಬೆ ಹಡಗಿನ ಸಂಪರ್ಕ ಇರಬೇಕು. 1875ರಲ್ಲಿ ಕಡ್ಡಾಯ ಜಮೀನು ಖರೀದಿ ಕಾನೂನು ಬಂತು. ಈ ಸಲ ಒಡೆಯ ಒಪ್ಪುವುದು ಬಿಡುವುದು ಎಂಬ ಮಾತಿಲ್ಲ. ಸರ್ಕಾರ ಬೆಲೆ ಕಟ್ಟಿ ಕೊಳ್ಳುವುದು, ಒಕ್ಕಲು ಕಂತಿನಲ್ಲಿ ತೀರಿಸುವುದು. ಲಾಟರಿ ಆಗಿ 108 ವರ್ಷ ಆಗಿತ್ತು.

ಮೇಷ್ಟ್ರೇ, ಒಂದು ವ್ಯತ್ಯಾಸ ಗಮನಿಸಿ. ಇಲ್ಲಿ ಉಳುವವನು ತಾನೇ ಕಡಿದು ಮಾಡಿದ ಹೊಲವನ್ನು ದುಡ್ಡು ಕೊಟ್ಟು ಕೊಂಡ.

ಗಂಗೊಳ್ಳಿ ಅಣ್ಣ

ತಂಗೀ, ನಾನು ಮೀನುಗಾರರ ಮನೆಯವನು. ಚಳಿಗಾಲದಲ್ಲಿ ಅಲ್ಲಿ ಕಡಲು ಹೆಪ್ಪುಗಟ್ಟುತ್ತದೆ ಎಂದು ಕೇಳಿದ್ದೇನೆ. ಹಾಗಾದರೆ ವರ್ಷವಿಡೀ ಹಡಗು ಹೇಗೆ ಓಡಿಸಿದರು? ಮೀನುಗಾರಿಕೆ ಎಷ್ಟು ತಿಂಗಳು?

ಆಲೂರಿನವಳು

ಅಣ್ಣಾ, ಓಡಿಸಲು ಆಗಲಿಲ್ಲ, ಅದೇ ಜಗಳ. ಹಡಗು ಬರುವ ಮೊದಲು ಚಳಿಗಾಲದಲ್ಲಿ ಟಪಾಲು, ಜನ ಎಲ್ಲ ಹೋಗುತ್ತಿದ್ದದ್ದು ಮಂಜುಗಡ್ಡೆ ದೋಣಿಯಲ್ಲಿ. ನೀರು ಸಿಕ್ಕಿದ ಕಡೆ ಹುಟ್ಟು ಹಾಕುವುದು. ಗಡ್ಡೆ ಸಿಕ್ಕಿದ ಕಡೆ ಇಳಿದು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ದೋಣಿ ಎಳೆಯುವುದು. ಪಟ್ಟಿ ಯಾಕೆ ಗೊತ್ತಾ? ಗಡ್ಡೆ ಒಡೆದು ಮನುಷ್ಯ ನೀರಿಗೆ ಬಿದ್ದರೆ ದೋಣಿಗೆ ನೇತಾಡಿಕೊಂಡು ಉಳಿಯಲಿ ಎಂದು. ಎಳೆಯಲು ಕೈ ಹಚ್ಚುವ ಪ್ರಯಾಣಿಕರಿಗೆ ಟಿಕೆಟ್ ಕಡಿಮೆ. ಸುಮ್ಮನೆ ಕೂರುವವರಿಗೆ ಜಾಸ್ತಿ.

1876ರಲ್ಲಿ ಕೇಂದ್ರ ಕಳಿಸಿದ ಮೊದಲ ಹಬೆ ಹಡಗು ನಾರ್ದರ್ನ್ ಲೈಟ್ ಗಡ್ಡೆಯಲ್ಲಿ ಸಿಕ್ಕಿಬೀಳುತ್ತಿತ್ತು. 1888ರಲ್ಲಿ ಸ್ಟ್ಯಾನ್ಲಿ, 1899ರಲ್ಲಿ ಮಿಂಟೊ ಬಂದವು. 1917ರಲ್ಲಿ ರೈಲು ಬೋಗಿಗಳನ್ನೇ ಹೊತ್ತು ಹೋಗುವ ದೊಡ್ಡ ಫೆರಿ ಬಂತು. ಆಗ ಸ್ವಲ್ಪ ನೆಮ್ಮದಿ ಆಯಿತು.

ಆಮೇಲೆ ಸೇತುವೆ. 1988ರ ಜನವರಿಯಲ್ಲಿ ಜನಮತ ಕೇಳಿದರು. ಸುಮಾರು ಶೇ. 59 ಜನ ಬೇಕು ಎಂದರು. ಬೇಡ ಎಂದವರೂ ಕಡಿಮೆ ಇರಲಿಲ್ಲ ನೋಡಿ. ಅವರ ಭಯ ಎರಡು. ಒಂದು, ದ್ವೀಪ ದ್ವೀಪವಾಗಿ ಉಳಿಯುವುದಿಲ್ಲ. ಇನ್ನೊಂದು, ಕಂಬಗಳಿಗೆ ಗಡ್ಡೆ ಸಿಕ್ಕಿಕೊಂಡು ವಸಂತದಲ್ಲಿ ಕರಗುವುದು ತಡವಾದರೆ ಮೀನಿಗೆ, ಲಾಬ್ಸ್ಟರಿಗೆ ತೊಂದರೆ. ಈ ಎರಡನೇ ಮಾತನ್ನು ಎಂಜಿನಿಯರುಗಳು ಗಂಭೀರವಾಗಿ ತೆಗೆದುಕೊಂಡರು. ಕಂಬಗಳಿಗೆ ನೀರಿನ ಮಟ್ಟದಲ್ಲಿ ಶಂಕುವಿನ ಆಕಾರದ ಕವಚ ಇಟ್ಟರು. ಗಡ್ಡೆ ಅದರ ಇಳಿಜಾರು ಹತ್ತುತ್ತದೆ, ತನ್ನ ಭಾರಕ್ಕೇ ಮುರಿದು ಬೀಳುತ್ತದೆ. ಹಡಗಿನ ಷರತ್ತು ಸಂವಿಧಾನದಲ್ಲೇ ಇದ್ದದ್ದರಿಂದ ಸಂವಿಧಾನಕ್ಕೂ ತಿದ್ದುಪಡಿ ಮಾಡಬೇಕಾಯಿತು. 1997ರ ಮೇ 31ರಂದು ಕಾನ್ಫೆಡರೇಷನ್ ಬ್ರಿಜ್ ತೆರೆಯಿತು. ಉದ್ದ 12.9 ಕಿಲೋಮೀಟರ್. ಹೆಪ್ಪುಗಟ್ಟುವ ನೀರಿನ ಮೇಲೆ ಇದಕ್ಕಿಂತ ಉದ್ದದ ಸೇತುವೆ ಲೋಕದಲ್ಲಿಲ್ಲ. ದ್ವೀಪಕ್ಕೆ ಬರುವಾಗ ಟೋಲ್ ಇಲ್ಲ, ಬಿಟ್ಟು ಹೋಗುವಾಗ ಮಾತ್ರ ಕಟ್ಟಬೇಕು. 50 ಡಾಲರ್ ದಾಟಿದ್ದ ಟೋಲನ್ನು 2025ರ ಆಗಸ್ಟ್‌ನಲ್ಲಿ 20ಕ್ಕೆ ಇಳಿಸಿದರು. ನಮ್ಮಂಥವರಿಗೆ ದೊಡ್ಡ ಉಪಕಾರ.

ಮೀನಿನ ವಿಷಯ: ಇಲ್ಲಿ ಲಾಬ್ಸ್ಟರೇ ರಾಜ. ಹಿಡಿಯಲು ಎರಡು ಸೀಸನ್, ದ್ವೀಪದ ಒಂದೊಂದು ಕಡಲಿಗೆ ಒಂದೊಂದು. ಮೇ–ಜೂನ್‌ನಲ್ಲಿ ಒಂದು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇನ್ನೊಂದು. ಮೊದಲ ದಿನ ನಸುಕಿನಲ್ಲಿ ಊರೆಲ್ಲ ಬಂದರಿಗೆ ಬಂದು ದೋಣಿ ಕಳಿಸುತ್ತದೆ. ನಿಮ್ಮ ಕಡೆ ಪಚ್ಚಿಲೆ ಎನ್ನುತ್ತೀರಲ್ಲ, ಆ ಜಾತಿಯ ಮಸೆಲ್‌ಗಳನ್ನು ಕೊಲ್ಲಿಗಳಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುತ್ತಾರೆ. ಕೆನಡಾದ ಮಸೆಲ್‌ನಲ್ಲಿ ಬಹುಪಾಲು ಇಲ್ಲಿಯದೇ.

ಗಂಗೊಳ್ಳಿ ಅಣ್ಣ

ಕವಚದ ವಿಚಾರ ಚೆನ್ನಾಗಿದೆ. ಮೀನುಗಾರರ ಮಾತು ಕೇಳಿ ಕಂಬದ ಆಕಾರ ಬದಲಿಸಿದರು ಎಂದರೆ ದೊಡ್ಡ ಸಂಗತಿ. ಇಲ್ಲಿ ಬ್ರೇಕ್‌ವಾಟರ್ ಹಾಕುವಾಗ ನಮ್ಮನ್ನೂ ಹೀಗೆ ಕೇಳಲಿ ಎಂದು ಆಸೆ.

ಶಾಂತಿಗ್ರಾಮದ ರೈತ

ಆಲೂಗಡ್ಡೆ ಎಂದ ಮೇಲೆ ನಾನು ಸುಮ್ಮನೆ ಕೂರುವುದು ಹೇಗೆ? ಜಲಂಧರದ ಬಿತ್ತನೆ ಗಡ್ಡೆ ತಂದು ಹಾಕುವುದು, ಮಳೆ ಹಿಡಿದರೆ ಅಂಗಮಾರಿ ಬಂದು ಹೊಲಕ್ಕೆ ಹೊಲ ಕರಗುವುದು. ನಾನೇ ಮೂರು ಸಲ ಬಿತ್ತನೆಯ ಖರ್ಚೂ ಹುಟ್ಟದೆ ಕೈ ಸುಟ್ಟುಕೊಂಡು ಈಗ ಜೋಳ, ಶುಂಠಿಗೆ ಹೋಗಿದ್ದೇನೆ. ಅಲ್ಲಿಯವರು ಹೇಗೆ ಉಳಿದಿದ್ದಾರೆ? ಲಾಭ ಇದೆಯಾ?

ಆಲೂರಿನವಳು

ಅಣ್ಣಾ, ನಮ್ಮ ಅಪ್ಪನೂ ಇದೇ ಮಾತು ಹೇಳುತ್ತಾರೆ.

ಇಲ್ಲಿ ಮೇನಲ್ಲಿ ಬಿತ್ತನೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೀಳುವುದು. ಅತಿ ಚಿಕ್ಕ ಪ್ರಾಂತ್ಯವಾದರೂ ಕೆನಡಾದ ಆಲೂಗಡ್ಡೆಯಲ್ಲಿ ಸುಮಾರು ಐದನೇ ಒಂದು ಭಾಗ ಇಲ್ಲಿಯದು. ದೊಡ್ಡ ಪಾಲು ಫ್ರೆಂಚ್ ಫ್ರೈ ಕಾರ್ಖಾನೆಗೆ ಹೋಗುತ್ತದೆ. ಅಂಗಮಾರಿ ಇಲ್ಲೂ ಇದೆ, ಔಷಧಿ ಹೊಡೆಯುತ್ತಲೇ ಇರುತ್ತಾರೆ. ಜೋರು ಮಳೆ ಬಂದಾಗ ಆ ಔಷಧಿ ಹೊಳೆಗೆ ಹರಿದು ಮೀನು ಸತ್ತು ತೇಲಿದ ವರ್ಷಗಳಿವೆ. ಅದಕ್ಕೇ ಹೊಳೆಯ ಅಂಚಿನಲ್ಲಿ ಇಷ್ಟು ಅಗಲ ಉಳಬಾರದು ಎಂಬ ನಿಯಮ ಮಾಡಿದರು. ಒಂದೇ ಹೊಲದಲ್ಲಿ ಮೂರು ವರ್ಷಕ್ಕೆ ಒಂದೇ ಸಲ ಆಲೂಗಡ್ಡೆ ಎಂಬುದೂ ಕಾನೂನು. ನಡುವಿನ ವರ್ಷ ಬಾರ್ಲಿ, ಹುಲ್ಲು. ಮಣ್ಣು ಉಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ನನ್ನ ನಂಬಿಕೆ.

ದೊಡ್ಡ ಹೆದರಿಕೆ ಬೇರೆ. ಗಡ್ಡೆಯ ಮೇಲೆ ನರಹುಲಿ ಥರ ಗಂಟು ಬರುವ ವಾರ್ಟ್ ರೋಗ. ತಿಂದರೆ ಮನುಷ್ಯರಿಗೆ ಏನೂ ಆಗುವುದಿಲ್ಲ. ಆದರೆ ಅದರ ಬೀಜಕಣ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. 2000ದ ಅಕ್ಟೋಬರ್‌ನಲ್ಲಿ ಒಂದು ಹೊಲದಲ್ಲಿ ಕಂಡಿತು. ಅಮೆರಿಕ ಗಡಿ ಮುಚ್ಚಿತು. 2021ರಲ್ಲಿ ಮತ್ತೆ ಕಂಡಿತು, ನವೆಂಬರ್‌ನಲ್ಲಿ ಕೆನಡಾ ಸರ್ಕಾರವೇ ಅಮೆರಿಕಕ್ಕೆ ಕಳಿಸುವುದನ್ನು ನಿಲ್ಲಿಸಿತು. ಈ ಸಲ ನಾನು ಇಲ್ಲೇ ಇದ್ದೆ. ಕ್ರಿಸ್‌ಮಸ್ ಎದುರಿಗಿತ್ತು, ಗೋದಾಮು ತುಂಬಿತ್ತು, ಕೊಳ್ಳುವವರಿಲ್ಲ. ಕೊನೆಗೆ ಹಿಮದ ಮೇಲೆ ಆಲೂಗಡ್ಡೆ ಸುರಿದು, ರಸ್ತೆಯ ಹಿಮ ತೆಗೆಯುವ ಯಂತ್ರ ಹರಿಸಿ ಪುಡಿ ಮಾಡಿದರು. ಹೆಪ್ಪುಗಟ್ಟಿ ಸಾಯಲಿ ಎಂದು. ಆ ಬಿಳಿ ಹಿಮದ ಮೇಲೆ ಹರಡಿದ್ದ ಒಳ್ಳೆಯ ಗಡ್ಡೆಗಳನ್ನು ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. 2022ರ ಏಪ್ರಿಲ್‌ನಲ್ಲಿ ಊಟದ ಆಲೂಗಡ್ಡೆಗೆ ಗಡಿ ತೆರೆಯಿತು.

ನೀರಿನ ಜಗಳವೂ ಇದೆ. ಇಲ್ಲಿ ದೊಡ್ಡ ನದಿ, ಅಣೆಕಟ್ಟು ಯಾವುದೂ ಇಲ್ಲ. ಕುಡಿಯುವ ನೀರೆಲ್ಲ ನೆಲದೊಳಗಿನದು. ಗೊಬ್ಬರದ ನೈಟ್ರೇಟ್ ಅದಕ್ಕೆ ಇಳಿಯುತ್ತದೆ. ಹೊಲಕ್ಕೆ ದೊಡ್ಡ ಬೋರ್‌ವೆಲ್ ಹೊಸದಾಗಿ ಕೊರೆಯಬಾರದು ಎಂದು ಇಪ್ಪತ್ತು ವರ್ಷ ತಡೆ ಇತ್ತು. 2022ರಲ್ಲಿ ತೆಗೆದರು, ಅನುಮತಿ ಪಡೆದು ಕೊರೆಯಬಹುದು. ರೈತರಿಗೆ ಬರಗಾಲದ ಭಯ, ಊರವರಿಗೆ ಬಾವಿಯ ಭಯ. ಎರಡೂ ನಿಜವೇ.

ಗಡಿಯಾಚೆ

ಅಭಿವೃದ್ಧಿ ಎಂದರೆ ಆಲೂಗಡ್ಡೆ, ಲಾಬ್ಸ್ಟರ್ ಅಷ್ಟೇನಾ? ಓದಿದವರಿಗೆ ಕೆಲಸ ಇದೆಯಾ? ತಮ್ಮನನ್ನು ಅಲ್ಲಿಗೆ ಓದಲು ಕಳಿಸಬೇಕು ಎಂದಿದ್ದೇನೆ, ನೇರವಾಗಿ ಹೇಳಿ.

ಆಲೂರಿನವಳು

ನೇರವಾಗಿಯೇ ಹೇಳುತ್ತೇನೆ. ಮೊದಲು ಸ್ವಲ್ಪ ಹಿಂದಿನದು.

1891ರಲ್ಲಿ ಇಲ್ಲಿ 1,09,078 ಜನ ಇದ್ದರು. 1931ಕ್ಕೆ 88,038. ಜಮೀನು ಕೈಗೆ ಬಂದ ಮೇಲೂ ಮಕ್ಕಳು ಬಾಸ್ಟನ್ ಕಡೆ ಹೊರಟುಹೋದರು. ಮರದ ಹಡಗು ಕಟ್ಟುವ ಕಸುಬು ಕಬ್ಬಿಣದ ಹಡಗು ಬಂದ ಮೇಲೆ ನಿಂತಿತ್ತು. ನಡುವೆ ಸ್ವಲ್ಪ ಕಾಲ ಬೆಳ್ಳಿ ನರಿ ಸಾಕುವ ಹುಚ್ಚು ಬಂತು. ಚಾರ್ಲ್ಸ್ ಡಾಲ್ಟನ್, ರಾಬರ್ಟ್ ಔಲ್ಟನ್ ಎಂಬಿಬ್ಬರು ಅದನ್ನು ಸಾಕುವ ವಿದ್ಯೆ ಕಂಡುಹಿಡಿದರು. ಲಂಡನ್ ಹರಾಜಿನಲ್ಲಿ ಒಂದು ಚರ್ಮಕ್ಕೆ ಸಾವಿರ ಡಾಲರ್ ದಾಟಿತು. ಸಮರ್‌ಸೈಡ್‌ನಲ್ಲಿ ಆ ದುಡ್ಡಿನಲ್ಲಿ ಕಟ್ಟಿದ ದೊಡ್ಡ ಮನೆಗಳು ಈಗಲೂ ಇವೆ. ಫ್ಯಾಷನ್ ಹೋಯಿತು, ನರಿಯೂ ಹೋಯಿತು. ಪ್ರವಾಸೋದ್ಯಮ ಉಳಿಯಿತು. ಕ್ಯಾವೆಂಡಿಶ್‌ನ ಎಲ್. ಎಂ. ಮಾಂಟ್ಗೊಮರಿ 1908ರಲ್ಲಿ ಬರೆದ ಕಾದಂಬರಿಯ ಹುಡುಗಿ ಆ್ಯನ್‌ಳ ಮನೆ ನೋಡಲು ಜಪಾನಿನಿಂದಲೂ ಜನ ಬರುತ್ತಾರೆ.

ಈಗಿನ ರೂಪ ಬಂದದ್ದು 1969ರ ಸಮಗ್ರ ಅಭಿವೃದ್ಧಿ ಯೋಜನೆಯಿಂದ. ಪ್ರೀಮಿಯರ್ ಅಲೆಕ್ಸ್ ಕ್ಯಾಂಬೆಲ್ ಕಾಲದಲ್ಲಿ ಕೇಂದ್ರದ ಜೊತೆ 15 ವರ್ಷದ ಒಪ್ಪಂದ. ರಸ್ತೆ, ಮನೆ, ಶಾಲೆ ಎಲ್ಲ ಬಂದವು. ಅದೇ ವರ್ಷ ಎರಡು ಕಾಲೇಜು ಸೇರಿಸಿ ವಿಶ್ವವಿದ್ಯಾಲಯ ಮಾಡಿದರು. 1986ರಲ್ಲಿ ಅಲ್ಲಿ ಪಶುವೈದ್ಯ ಕಾಲೇಜು ಬಂತು, ಅದಕ್ಕೆ ಒಳ್ಳೆಯ ಹೆಸರಿದೆ. ನಿವೃತ್ತ ಯೋಧರ ಇಲಾಖೆಯ ಕೇಂದ್ರ ಕಚೇರಿ ಒಟ್ಟಾವಾದಿಂದ ಷಾರ್ಲೆಟ್‌ಟೌನ್‌ಗೆ ಬಂದಿದ್ದರಿಂದ ಎಷ್ಟೋ ಮನೆಗೆ ವರ್ಷವಿಡೀ ಸಂಬಳ ಸಿಕ್ಕಿತು. ಆದರೆ ಯೋಜನೆಯಲ್ಲಿ ಇನ್ನೊಂದು ಮಾತೂ ಇತ್ತು: ಚಿಕ್ಕ ಜಮೀನು ಲಾಭ ಕೊಡುವುದಿಲ್ಲ, ಹಿಡುವಳಿ ದೊಡ್ಡದಾಗಬೇಕು. ಸಾವಿರಾರು ಸಣ್ಣ ರೈತರು ಬೇಸಾಯ ಬಿಟ್ಟರು. ಪ್ರತಿ ಹಳ್ಳಿಯ ಏಕೋಪಾಧ್ಯಾಯ ಶಾಲೆ ಮುಚ್ಚಿ ಮಕ್ಕಳನ್ನು ಬಸ್ಸಿನಲ್ಲಿ ದೂರದ ಶಾಲೆಗೆ ಸಾಗಿಸಿದರು. ನಮ್ಮ ಪಕ್ಕದ ಮನೆಯ ಅಜ್ಜಿ ಅದನ್ನು ಹೇಳುವಾಗ ಇಂದಿಗೂ ಕಣ್ಣು ಒರೆಸಿಕೊಳ್ಳುತ್ತಾರೆ.

ನಿಮ್ಮ ತಮ್ಮನ ವಿಷಯ. ಕಳೆದ ಹತ್ತು ವರ್ಷದಲ್ಲಿ ಜನಸಂಖ್ಯೆ ಬೇಗ ಏರಿತು, ಮುಖ್ಯವಾಗಿ ಹೊರದೇಶದವರಿಂದ. ಮನೆ ಆ ವೇಗದಲ್ಲಿ ಏಳಲಿಲ್ಲ. ನಾನು ಮೊದಲಿದ್ದ ಮನೆಯ ಮಾಲೀಕರು ರಿಪೇರಿ ಎಂದು ಖಾಲಿ ಮಾಡಿಸಿ, ಎರಡು ತಿಂಗಳಲ್ಲಿ ಜಾಸ್ತಿ ಬಾಡಿಗೆಗೆ ಬೇರೆಯವರಿಗೆ ಕೊಟ್ಟರು. ಆ ಚಳಿಯಲ್ಲಿ ಮಗು ಕಟ್ಟಿಕೊಂಡು ಮನೆ ಹುಡುಕಿದ್ದು ಮರೆಯುವುದಿಲ್ಲ. 2024ರಲ್ಲಿ ಪ್ರಾಂತ್ಯ ಖಾಯಂ ವಾಸಕ್ಕೆ ಆರಿಸುವವರ ಸಂಖ್ಯೆ ಇಳಿಸಿತು. ಅಂಗಡಿ, ಹೋಟೆಲ್ ಕೆಲಸದವರಿಗೆ ಹೆಚ್ಚಿನ ಪೆಟ್ಟು ಬಿತ್ತು. ಆ ಮೇ ತಿಂಗಳಲ್ಲಿ ನಮ್ಮ ದೇಶದ ಹುಡುಗರು ಶಾಸನಸಭೆಯ ಎದುರು ಟೆಂಟ್ ಹಾಕಿ ಉಪವಾಸ ಕೂತರು. ಆರೋಗ್ಯ, ಕಟ್ಟಡ ಕೆಲಸ, ಮಕ್ಕಳ ಆರೈಕೆ ಕಲಿತವರಿಗೆ ದಾರಿ ಇದೆ. ಸುಮ್ನೆ ಯಾವುದೋ ಕೋರ್ಸಿಗೆ ಸಾಲ ಮಾಡಿ ಬರುವುದು ಬೇಡ. ಅಕ್ಕನಾಗಿ ಹೇಳುತ್ತಿದ್ದೇನೆ.

ಗಡಿಯಾಚೆ

ತುಂಬಾ ಥ್ಯಾಂಕ್ಸ್ ಅಕ್ಕಾ. ಅವನು ನರ್ಸಿಂಗ್ ಓದಿದ್ದಾನೆ. ಈ ಮಾತು ಅವನಿಗೆ ಓದಿಸುತ್ತೇನೆ.

ತೀರ್ಥಹಳ್ಳಿ ಮೇಷ್ಟ್ರು

ಮತ್ತೆ ಮಣ್ಣಿಗೇ ಬರುತ್ತೇನೆ. ಅಷ್ಟು ಕಷ್ಟಪಟ್ಟು ಪಡೆದ ಜಮೀನು ಮತ್ತೆ ದೊಡ್ಡವರ ಕೈಗೆ ಹೋಗದಂತೆ ಏನಾದರೂ ಮಾಡಿದ್ದಾರಾ?

ಆಲೂರಿನವಳು

ಮಾಡಿದ್ದಾರೆ ಮೇಷ್ಟ್ರೇ. 1982ರ ಭೂ ರಕ್ಷಣಾ ಕಾನೂನು. ಒಬ್ಬ ವ್ಯಕ್ತಿಗೆ 1,000 ಎಕರೆ, ಕಂಪನಿಗೆ 3,000 ಎಕರೆ ಮಿತಿ. ಹೊರಗಿನವರು 5 ಎಕರೆ ಅಥವಾ 165 ಅಡಿ ಕಡಲಂಚಿಗಿಂತ ಜಾಸ್ತಿ ಕೊಳ್ಳಬೇಕಾದರೆ ಸಚಿವ ಸಂಪುಟದ ಒಪ್ಪಿಗೆ ಬೇಕು. ಹೊರಗಿನವರು ಎಂದರೆ ಬೇರೆ ದೇಶದವರು ಮಾತ್ರ ಅಲ್ಲ, ಟೊರಾಂಟೊದ ಕೆನಡಿಯನ್ನರೂ ಸೇರಿ. ಇದಕ್ಕೂ ಹಿಂದಿನ ಇಂಥದೇ ಕಾನೂನನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿಗೆ ಹೋದದ್ದೂ ಇದೆ. 1975ರಲ್ಲೇ ಕೋರ್ಟು, ಹೊರಗಿನವರ ಮೇಲಿನ ಇಂಥ ಮಿತಿ ಸರಿ ಎಂದಿತ್ತು.

ಕಾನೂನಿನ ಸಂದಿಯಲ್ಲಿ ನುಸುಳುವವರೂ ಇದ್ದಾರೆ. ಒಂದೇ ಮನೆಯವರು ಬೇರೆ ಬೇರೆ ಕಂಪನಿ ಮಾಡುವುದು, ಕಂಪನಿಯ ಷೇರು ಕೊಂಡು ಜಮೀನು ಹಿಡಿಯುವುದು. ಈ ಬಗ್ಗೆ ಪತ್ರಿಕೆಯಲ್ಲಿ ಆಗಾಗ ಜಗಳ ನಡೆಯುತ್ತದೆ. ಜನ ಬಿಟ್ಟುಕೊಡುವುದಿಲ್ಲ. ಲಾಟರಿಯ ನೆನಪು ಅವರ ರಕ್ತದಲ್ಲಿದೆ.

ತೀರ್ಥಹಳ್ಳಿ ಮೇಷ್ಟ್ರು

ನಾವು 2020ರಲ್ಲಿ ನಮ್ಮ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದೆವು. ಈಗ ಬೇಸಾಯಗಾರ ಅಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ನಮ್ಮ ಊರಿನ ಗುಡ್ಡಗಳಿಗೆ ಬೇಲಿ ಬಿದ್ದಿದೆ, ಒಳಗೆ ಯಾರಿದ್ದಾರೆ ಎಂದು ಊರಿಗೇ ಗೊತ್ತಿಲ್ಲ. ನಿಮ್ಮ ಬರಹ ಓದುತ್ತಾ ಅಪ್ಪ ಅಲೆದ ಅಲೆದಾಟ ನೆನಪಾಗಿ ಸಂಕಟವಾಯಿತು.

ಸುಧಾಮಣಿ

ನಾನು ಹ್ಯಾಲಿಫ್ಯಾಕ್ಸ್‌ನಲ್ಲಿ ಓದುತ್ತಿದ್ದೇನೆ. ಅಕ್ಕಾ, ಒಂದು ಸೇರಿಸಬಹುದಾ? ಈ ಜಮೀನಿನ ಹೋರಾಟದಲ್ಲಿ ಮಿಕ್ಮಾಕ್ ಜನರ ಹೆಸರೇ ಬರುವುದಿಲ್ಲ. 67 ಲಾಟ್‌ಗಳಲ್ಲಿ ಅವರಿಗೆಂದು ಒಂದೂ ಇಡಲಿಲ್ಲ. ಪಕ್ಕದ ಚಿಕ್ಕ ಲೆನಾಕ್ಸ್ ದ್ವೀಪವನ್ನು 1870ರಲ್ಲಿ ಲಂಡನ್ನಿನ ಒಂದು ದಯಾ ಸಂಘ ದುಡ್ಡು ಕೊಟ್ಟು ಕೊಂಡು ಅವರಿಗೆ ಬಿಟ್ಟಿತು. ಸಾವಿರಾರು ವರ್ಷ ಇದ್ದ ನೆಲದಲ್ಲಿ ಅವರಿಗೆ ಸಿಕ್ಕಿದ್ದು ಹಾಗೆ. ಗುಲಾಮರೂ ಇದ್ದರು. ದೀಕ್ಷಾಸ್ನಾನ ಆದರೂ ಗುಲಾಮ ಗುಲಾಮನೇ ಎಂದು 1781ರಲ್ಲಿ ಕಾನೂನು ಮಾಡಿದ್ದರು. 1825ರಲ್ಲಿ ಅದನ್ನು ತೆಗೆದರು.

ಆಲೂರಿನವಳು

ಸುಧಾಮಣಿ, ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಬರೆದದ್ದಕ್ಕೆ ಥ್ಯಾಂಕ್ಸ್ ಕಣಮ್ಮಾ. ಲೆನಾಕ್ಸ್ ದ್ವೀಪದ ಆಚೆಗಿನ ಮರಳುದಿಬ್ಬಗಳ ಸಾಲನ್ನು 2024ರಲ್ಲಿ ಪಿಟುವಮ್ಕೆಕ್ ಎಂಬ ಮಿಕ್ಮಾಕ್ ಹೆಸರಲ್ಲೇ ರಾಷ್ಟ್ರೀಯ ಉದ್ಯಾನ ಮೀಸಲು ಮಾಡಿದರು. ಮಿಕ್ಮಾಕ್ ಜನರೂ ಸೇರಿ ನೋಡಿಕೊಳ್ಳುತ್ತಾರೆ.

ಆ ದಿಬ್ಬಗಳು ಉಳಿಯುವುದೇ ಈಗಿನ ಚಿಂತೆ. ಗಂಗೊಳ್ಳಿ ಅಣ್ಣನಿಗೆ ಕಡಲ್ಕೊರೆತ ಗೊತ್ತು. ಇಲ್ಲಿಯದು ಗಟ್ಟಿ ಕಲ್ಲಲ್ಲ, ಮೆತ್ತನೆ ಮರಳುಗಲ್ಲು. ಸರಾಸರಿ ವರ್ಷಕ್ಕೆ 28 ಸೆಂಟಿಮೀಟರ್ ದಡ ಕೊಚ್ಚಿಹೋಗುತ್ತದೆ. ಮೊದಲು ಚಳಿಗಾಲದಲ್ಲಿ ಗಡ್ಡೆ ಕಟ್ಟಿ ಅಲೆ ತಡೆಯುತ್ತಿತ್ತು. ಈಗ ಗಡ್ಡೆ ಕಡಿಮೆ. 2022ರ ಸೆಪ್ಟೆಂಬರ್ 24ರಂದು ಫಿಯೋನಾ ಬಿರುಗಾಳಿ ಬಂದ ರಾತ್ರಿ ನಾವು ಬಚ್ಚಲಲ್ಲಿ ಕೂತು ಬೆಳಗು ಮಾಡಿದೆವು. ವಾರಗಟ್ಟಲೆ ಕರೆಂಟ್ ಇಲ್ಲದ ಮನೆಗಳಿದ್ದವು. ಉತ್ತರ ದಡದ ದಿಬ್ಬಗಳು ಕೆಲವೆಡೆ ಒಂದೇ ರಾತ್ರಿಗೆ ಹತ್ತಾರು ಅಡಿ ಹಿಂದೆ ಸರಿದವು. ಥಂಡರ್ ಕೋವ್‌ನಲ್ಲಿ ಟೀಕಪ್ ರಾಕ್ ಎಂಬ ಬಂಡೆ ಇತ್ತು, ಕೆಂಪು ಚಹಾ ಬಟ್ಟಲಿನ ಹಾಗೆ. ನಮ್ಮ ಮಗಳ ಮೊದಲ ಹುಟ್ಟುಹಬ್ಬದ ಫೋಟೊ ಅದರ ಮುಂದೆ. ಬೆಳಗ್ಗೆ ಬಂಡೆ ಇರಲಿಲ್ಲ.

ಗಂಗೊಳ್ಳಿ ಅಣ್ಣ

ಮರವಂತೆಯಲ್ಲಿ ಹೀಗೇ ರಾತ್ರಿ ಇದ್ದ ತೆಂಗಿನ ಸಾಲು ಬೆಳಗ್ಗೆ ಇಲ್ಲದ್ದು ನೋಡಿದ್ದೇನೆ ತಂಗೀ. ಹುಷಾರಾಗಿರಿ.

ತೀರ್ಥಹಳ್ಳಿ ಮೇಷ್ಟ್ರು

ಕೊನೆಯ ಪ್ರಶ್ನೆ. ಆ ಲಾಟ್ ನಂಬರುಗಳು ಈಗಲೂ ಬಳಕೆಯಲ್ಲಿ ಇವೆಯಾ? ನೀವಿರುವುದು ಯಾವ ಲಾಟ್?

ಆಲೂರಿನವಳು

ಇವೆ ಮೇಷ್ಟ್ರೇ. ಜನಗಣತಿಯ ಪಟ್ಟಿಯಲ್ಲೂ ಲಾಟ್ 1, ಲಾಟ್ 2 ಎಂದೇ ಬರುತ್ತದೆ. ಹಳ್ಳಿಯವರನ್ನು ಊರು ಯಾವುದು ಎಂದರೆ ಕೆಲವರು ಲಾಟ್ 16 ಎನ್ನುತ್ತಾರೆ. ನಾವಿರುವ ಸ್ಟ್ರ್ಯಾಟ್‌ಫರ್ಡ್ ಲಾಟ್ 48ರಲ್ಲಿದೆ. ಷಾರ್ಲೆಟ್‌ಟೌನ್‌ನಿಂದ ಹೊಳೆ ದಾಟಿದರೆ ಆಯಿತು.

1880ರಲ್ಲಿ, ಜಮೀನು ಖರೀದಿ ಕಾನೂನು ಬಂದು ಐದು ವರ್ಷಕ್ಕೆ, ಇಡೀ ದ್ವೀಪದ ಒಂದು ದೊಡ್ಡ ಅಟ್ಲಾಸ್ ಅಚ್ಚಾಯಿತು. ಲಾಟ್‌ಗೆ ಒಂದೊಂದು ನಕ್ಷೆ. ಪ್ರತಿ ಹೊಲದ ತುಂಡಿನ ಮೇಲೆ ಅದನ್ನು ಉಳುತ್ತಿದ್ದವರ ಹೆಸರು ಸಣ್ಣ ಅಕ್ಷರದಲ್ಲಿ ಬರೆದಿದೆ. ಹೊಲಗಳು ಉದ್ದುದ್ದ ಪಟ್ಟಿ, ಎಷ್ಟೋ ನೀರಿಗೆ ಮುಖ ಮಾಡಿವೆ. ಲಾಟ್ 48ರ ಹಾಳೆ ತೆಗೆದು ನಮ್ಮ ಬೀದಿ ಎಲ್ಲಿ ಬರುತ್ತದೆ ಎಂದು ಹುಡುಕಿದೆ. ಆಗ ಬೀದಿ ಇಲ್ಲ, ಹೊಲ. ಅದರ ಫೋಟೊ ನಾಳೆ ಇಲ್ಲೇ ಹಾಕುತ್ತೇನೆ. ನಿಮ್ಮ ಮನೆಯಲ್ಲಿ ಭೂ ನ್ಯಾಯ ಮಂಡಳಿಯ ಹಳೇ ಕಾಗದ ಇದ್ದರೆ ನೀವೂ ಅದರ ಒಂದು ಫೋಟೊ ಹಾಕುತ್ತೀರಾ?

ತೀರ್ಥಹಳ್ಳಿ ಮೇಷ್ಟ್ರು

ಅಪ್ಪನ ಟ್ರಂಕಿನಲ್ಲಿದೆ. ಬೆಳಗ್ಗೆ ಬಿಸಿಲು ಬಂದ ಮೇಲೆ ಅಂಗಳದಲ್ಲಿ ಹರಡಿ ತೆಗೆಯುತ್ತೇನೆ. ಮಡಿಚಿದ ಕಡೆ ಸ್ವಲ್ಪ ಹರಿದಿದೆ, ಹೆಸರು ಓದಲು ಬರುತ್ತದೆ.